ಡಿಜೆ ನಿಂತ ಮೇಲೆ ಒಳಕಿವಿಯಲ್ಲಿ ಏನಾಗುತ್ತದೆ?

ಗಣೇಶ ವಿಸರ್ಜನೆಯ ಮೆರವಣಿಗೆ ಮುಗಿಸಿ ನಡುರಾತ್ರಿ ಮನೆಗೆ ಬಂದವರ ಮಾತು ಯಾವ ಊರಿನಲ್ಲಾದರೂ ಒಂದೇ: "ಕಿವಿ ಗುಂಯ್ ಅಂತಿದೆ, ನೀನು ಹೇಳಿದ್ದು ಕೇಳಿಸ್ತಿಲ್ಲ." ಮನೆಯವರ ಸಮಾಧಾನವೂ ಒಂದೇ: "ಮಲ್ಕೋ, ಬೆಳಿಗ್ಗೆ ಸರಿಹೋಗುತ್ತೆ." ಬೆಳಿಗ್ಗೆ ಬಹುಪಾಲು ಸರಿಹೋಗಿಯೂ ಇರುತ್ತದೆ. ಹೀಗೆ ಸರಿಹೋಗುವುದನ್ನು ನಂಬಿಕೊಂಡೇ ಡಿಜೆ ಬಗೆಗಿನ ನಮ್ಮ ಚರ್ಚೆ ನಿದ್ದೆಗೇಡು, ಹೃದ್ರೋಗಿಗಳ ಸಂಕಟ, ಪೊಲೀಸರ ಅನುಮತಿ, ಹಬ್ಬದ ಸಂಭ್ರಮ ಇಷ್ಟರಲ್ಲೇ ಸುತ್ತುತ್ತದೆ. ಕಿವಿಯ ಮಾತು ಬಂದರೆ "ಕಿವುಡಾಗ್ತೀರಿ" ಎಂಬ ಎಚ್ಚರಿಕೆ ಒಂದಿದೆ. ಮಾರನೆಯ ದಿನ ಯಾರೂ ಕಿವುಡಾಗಿ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಬೆಲೆಯೂ ಇಲ್ಲ.

ಆದರೆ ಹಾನಿ ಆಗುವ ಬಗೆ ಬೇರೆ. ಮಾಮೂಲಿ ಶ್ರವಣ ಪರೀಕ್ಷೆ, ಶಬ್ದದ ಕಾನೂನು, ಅಂಗವೈಕಲ್ಯದ ಪ್ರಮಾಣಪತ್ರ ಈ ಮೂರೂ ಸರಿಯಾಗಿ ನೋಡದ ಜಾಗದಲ್ಲೇ ಅದು ಮೊದಲು ಬೀಳುತ್ತದೆ. ಏಕೆಂದು ತಿಳಿಯಬೇಕಾದರೆ ಸದ್ದು ಕಿವಿಯೊಳಗೆ ಸಾಗುವ ದಾರಿಯನ್ನೇ ಹಿಡಿಯಬೇಕು.

ಹೊರಗಿನಿಂದ ಶುರು ಮಾಡೋಣ. ಕಿವಿನಾಳ ಸುಮಾರು 2.5 ಸೆಂಟಿಮೀಟರ್ ಉದ್ದದ ಕೊಳವೆ. ಒಳತುದಿಯನ್ನು ಕಿವಿತಮಟೆ ಮುಚ್ಚಿದೆ. ಒಂದು ತುದಿ ಮುಚ್ಚಿದ ಯಾವ ಕೊಳವೆಗಾದರೂ ತನ್ನದೇ ಶ್ರುತಿ ಇರುತ್ತದೆ. ಕಿವಿನಾಳದ ಶ್ರುತಿ 3000 ಹರ್ಟ್ಸ್ ಆಸುಪಾಸಿನದು. ಆ ಶ್ರುತಿಯ ಸದ್ದು ತಮಟೆ ಮುಟ್ಟುವ ಹೊತ್ತಿಗೆ 10ರಿಂದ 15 ಡೆಸಿಬೆಲ್ ಹೆಚ್ಚಿರುತ್ತದೆ. ಪಿಸುಮಾತಿನ ಸೂಕ್ಷ್ಮಗಳು ನಮಗೆ ತಿಳಿಯುವುದಕ್ಕೆ ಇದೂ ಒಂದು ಕಾರಣ. ಅಬ್ಬರದ ಸದ್ದಿನಲ್ಲಿ ಇದೇ ಕೊಳವೆ ಒಳಕಿವಿಯ ಒಂದು ನಿರ್ದಿಷ್ಟ ಜಾಗಕ್ಕೆ ಹೆಚ್ಚು ಪೆಟ್ಟು ತಲುಪಿಸುತ್ತದೆ ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತಮಟೆಯ ಆಚೆ ಮಧ್ಯಕಿವಿ, ಅದರಾಚೆ ದ್ರವ ತುಂಬಿದ ಒಳಕಿವಿ. ಕೆರೆಯ ದಂಡೆಯಲ್ಲಿ ನಿಂತು ಎಷ್ಟೇ ಕೂಗಿದರೂ ನೀರಲ್ಲಿ ಮುಳುಗಿದವರಿಗೆ ಅದು ಸರಿಯಾಗಿ ಕೇಳಿಸದು. ಗಾಳಿಯಿಂದ ನೀರಿಗೆ ಹೋಗುವಾಗ ಸದ್ದಿನ ಶಕ್ತಿಯಲ್ಲಿ ಶೇಕಡಾ 99.9 ಪಾಲು ಮೇಲ್ಮೈಯಿಂದಲೇ ವಾಪಸಾಗುತ್ತದೆ. ಈ ನಷ್ಟವನ್ನು ತುಂಬಿಕೊಡುವುದು ಮಧ್ಯಕಿವಿಯ ಮೂರು ಮೂಳೆಗಳು: ಸುತ್ತಿಗೆ, ಅಡಿಗಲ್ಲು, ರಿಕಾಪು. ಕೊನೆಯದು ಅರ್ಧ ಅಕ್ಕಿಕಾಳಿನಷ್ಟು, ನಮ್ಮ ಮೈಯಲ್ಲಿರುವ ಅತಿ ಚಿಕ್ಕ ಮೂಳೆ. ತಮಟೆಯಲ್ಲಿ ಕಂಪಿಸುವ ಭಾಗ ಸುಮಾರು 55 ಚದರ ಮಿಲಿಮೀಟರ್, ರಿಕಾಪಿನ ಪಾದ 3.2 ಚದರ ಮಿಲಿಮೀಟರ್. ದೊಡ್ಡ ಜಾಗದ ಒತ್ತಡವೆಲ್ಲ 17 ಪಟ್ಟು ಚಿಕ್ಕ ಜಾಗಕ್ಕೆ ಬೀಳುತ್ತದೆ. ಮೂಳೆಗಳ ಸನ್ನೆಗೋಲಿನಿಂದ ಇನ್ನು 1.3 ಪಟ್ಟು ಸೇರಿ ಒಟ್ಟು ಒತ್ತಡ 22 ಪಟ್ಟಾಗುತ್ತದೆ. ಮಧ್ಯಕಿವಿಯಲ್ಲಿ ಕೀವು ತುಂಬಿದರೆ ಅಥವಾ ಮೂಳೆಯ ಸರಪಳಿ ಕಳಚಿದರೆ ಕಳೆದುಹೋಗುವುದು ಈ ಹೆಚ್ಚಳ. ಔಷಧ ಅಥವಾ ಶಸ್ತ್ರಚಿಕಿತ್ಸೆಯಿಂದ ಅದನ್ನು ಬಹಳಷ್ಟು ಸಲ ಮರಳಿ ಪಡೆಯಬಹುದು. ಸದ್ದಿನಿಂದಾಗುವ ಹಾನಿ ಇಲ್ಲಿಯದಲ್ಲ. ಅದಕ್ಕೇ ಅದಕ್ಕೆ ಈ ಅದೃಷ್ಟವೂ ಇಲ್ಲ.

"ಕಿವಿ ಹೊಂದಿಕೊಳ್ಳುತ್ತೆ ಬಿಡಿ" ಎನ್ನುವವರಿದ್ದಾರೆ. ಅವರು ಹೇಳುವ ಏರ್ಪಾಡು ನಿಜಕ್ಕೂ ಇದೆ, ಆದರೆ ಅದರ ಮಿತಿ ಬಹಳ. ಸದ್ದು ಸುಮಾರು 80 ಡೆಸಿಬೆಲ್ ದಾಟಿದಾಗ ರಿಕಾಪಿಗೆ ಅಂಟಿದ ಪುಟ್ಟ ಸ್ನಾಯು ಬಿಗಿದು ಮೂಳೆಯ ಓಲಾಟವನ್ನು ತಡೆಯುತ್ತದೆ. ಸುದ್ದಿ ಒಳಕಿವಿಯಿಂದ ಮಿದುಳಿನ ಬುಡಕ್ಕೆ ಹೋಗಿ, ಅಲ್ಲಿಂದ ಮುಖದ ನರದ ಮೂಲಕ ಸ್ನಾಯುವಿಗೆ ಬರಬೇಕಾದ್ದರಿಂದ ಹತ್ತರಿಂದ ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ಹಿಡಿಯುತ್ತದೆ. ಪಟಾಕಿಯ ಪೆಟ್ಟು ಅಷ್ಟರೊಳಗೆ ಮುಗಿದಿರುತ್ತದೆ. ಡಿಜೆಯ ಸದ್ದು ಗಂಟೆಗಟ್ಟಲೆ ಇರುವುದರಿಂದ ಸ್ನಾಯುವಿಗೆ ಸಮಯವೇನೋ ಸಿಗುತ್ತದೆ. ಆದರೆ ಅದು ತಗ್ಗಿಸುವುದು ಹೆಚ್ಚಾಗಿ 1000 ಹರ್ಟ್ಸ್‌ಗಿಂತ ಕೆಳಗಿನ ಗಡಸು ಸದ್ದನ್ನು. ಒಳಕಿವಿಗೆ ಹೆಚ್ಚು ಅಪಾಯ ಇರುವ ಎತ್ತರದ ಕಂಪನಾಂಕಗಳು ಸಲೀಸಾಗಿ ಒಳಗೆ ಹೋಗುತ್ತವೆ.

ಒಳಕಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿದೆ. ಬಿಚ್ಚಿದರೆ 35 ಮಿಲಿಮೀಟರ್. ಅದರ ಉದ್ದಕ್ಕೂ ಒಂದು ಪೊರೆ. ಬುಡದಲ್ಲಿ ಕಿರಿದು, ಬಿಗಿ. ತುದಿಯಲ್ಲಿ ಅಗಲ, ಸಡಿಲ. ಎತ್ತರದ ಶ್ರುತಿಗೆ ಬುಡ ಕುಣಿಯುತ್ತದೆ, ತಗ್ಗಿನದಕ್ಕೆ ತುದಿ. ಈ ಅಲೆ ಸಾಗುವುದನ್ನು ತೋರಿಸಿಕೊಟ್ಟ ಗೆಯೋರ್ಗ್ ಫಾನ್ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು. ಎಲ್ಲ ಅಲೆಗಳೂ ಹೊರಡುವುದು ಬುಡದಿಂದಲೇ.

ಪೊರೆಯ ಮೇಲೆ ರೋಮಕೋಶಗಳ ಸಾಲುಗಳಿವೆ. ಒಳಸಾಲು ಒಂದು, ಅದರಲ್ಲಿ ಸುಮಾರು 3500 ಕೋಶ. ಹೊರಸಾಲು ಮೂರು, ಅವುಗಳಲ್ಲಿ ಸುಮಾರು 12,000. ಒಂದು ಕಿವಿಗೆ ಹುಟ್ಟಿನಿಂದ ಸಾಯುವವರೆಗೆ ಇರುವ ಬಂಡವಾಳ ಇಷ್ಟೇ. ಕೋಳಿಮರಿಯ ಕಿವಿಯಲ್ಲಿ ಸತ್ತ ರೋಮಕೋಶದ ಜಾಗಕ್ಕೆ ಹೊಸದು ಹುಟ್ಟುತ್ತದೆ. ಮನುಷ್ಯರ ಕಾಕ್ಲಿಯಾದಲ್ಲಿ ಹುಟ್ಟುವುದಿಲ್ಲ.

ಒಂದು ಕೋಶವನ್ನು ಹತ್ತಿರದಿಂದ ನೋಡಿ. ಅದರ ತಲೆಯ ಮೇಲೆ ಸೂಕ್ಷ್ಮ ಕಡ್ಡಿಗಳ ಕಟ್ಟು, ಮೆಟ್ಟಿಲಿನ ಹಾಗೆ ಗಿಡ್ಡದ ಹಿಂದೆ ಎತ್ತರ. ಪ್ರತಿ ಗಿಡ್ಡ ಕಡ್ಡಿಯ ತುದಿಯಿಂದ ಪಕ್ಕದ ಎತ್ತರದ ಕಡ್ಡಿಗೆ ಒಂದು ಎಳೆ ಬಿಗಿದಿದೆ. ಪೊರೆ ಕುಣಿದಾಗ ಕಟ್ಟು ಎತ್ತರದ ಕಡೆಗೆ ವಾಲುತ್ತದೆ, ಎಳೆ ಜಗ್ಗುತ್ತದೆ, ಕಡ್ಡಿಯ ತುದಿಯ ಬಾಗಿಲು ತೆರೆಯುತ್ತದೆ. ಹೊರಗಿನ ದ್ರವದಲ್ಲಿ ಪೊಟ್ಯಾಸಿಯಂ ತುಂಬಿದೆ, ಅದರ ವಿದ್ಯುತ್ ಮಟ್ಟ ಸುಮಾರು +80 ಮಿಲಿವೋಲ್ಟ್. ಕೋಶದೊಳಗೆ ಋಣ ಮಟ್ಟ. ಬಾಗಿಲು ತೆರೆದೊಡನೆ ಪೊಟ್ಯಾಸಿಯಂ ನುಗ್ಗುತ್ತದೆ. ಕೋಶದ ಬುಡದಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಬಿಡುಗಡೆಯಾಗಿ ನರದ ತುದಿಯನ್ನು ಎಬ್ಬಿಸುತ್ತದೆ. ಕೇಳಿಸುವ ಅತಿ ಮೆಲ್ಲನೆಯ ಸದ್ದಿಗೆ ಪೊರೆ ಅಲುಗುವುದು ಸುಮಾರು ಒಂದು ನ್ಯಾನೋಮೀಟರ್‌ನಷ್ಟೇ. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಇಷ್ಟು ನಾಜೂಕಿನ ಯಂತ್ರದ ಮುಂದೆ ನಾವು ಸ್ಪೀಕರ್ ಗೋಡೆ ಕಟ್ಟಿ ನಿಲ್ಲಿಸುತ್ತೇವೆ.

ನರಕ್ಕೆ ಸುದ್ದಿ ಮುಟ್ಟಿಸುವುದು ಒಳಸಾಲು. ಹಾಗಾದರೆ ಹೊರಸಾಲಿನ 12,000 ಕೋಶಗಳಿಗೆ ಕೆಲಸವೇನು? ಅವು ಸದ್ದಿನ ತಾಳಕ್ಕೆ ತಾವೇ ಉದ್ದವಾಗಿ ಗಿಡ್ಡವಾಗಿ ಕುಣಿಯುತ್ತವೆ, ಪೊರೆಯನ್ನು ಇನ್ನಷ್ಟು ಕುಣಿಸುತ್ತವೆ. ಮೆಲ್ಲನೆಯ ಸದ್ದು ಇದರಿಂದ 40ರಿಂದ 60 ಡೆಸಿಬೆಲ್ ಹೆಚ್ಚುತ್ತದೆ. ಜೋರಿನ ಸದ್ದಿಗೆ ಈ ಹೆಚ್ಚಳ ಇರುವುದಿಲ್ಲ. ಅಂದರೆ ಇದು ಬೇಕಾದಲ್ಲಿ ಏರಿಸಿ ಬೇಡದಲ್ಲಿ ಸುಮ್ಮನಿರುವ ಆಂಪ್ಲಿಫೈಯರ್. ಹೀಗೆ ಕುಣಿಯುವಾಗ ಹೊರಡುವ ಕ್ಷೀಣ ಸದ್ದು ಹಿಮ್ಮುಖವಾಗಿ ಕಿವಿನಾಳಕ್ಕೂ ಬರುತ್ತದೆ. 1978ರಲ್ಲಿ ಡೇವಿಡ್ ಕೆಂಪ್ ಅದನ್ನು ಹಿಡಿದು ತೋರಿಸಿದರು. ಇಂದು ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಮಾಡುವ ಓಎಇ ಪರೀಕ್ಷೆ ಅದೇ.

ರೋಮಕೋಶಗಳಲ್ಲಿ ಅಬ್ಬರಕ್ಕೆ ಮೊದಲು ಬಲಿಯಾಗುವುದು ಈ ಹೊರಸಾಲು, ಅದರಲ್ಲೂ ಬುಡದ ಕಡೆಯದು. ಮೆರವಣಿಗೆಯ ರಾತ್ರಿ ಮೂರು ಬಗೆಯ ಪೆಟ್ಟು ಒಟ್ಟಿಗೆ ಬೀಳುತ್ತದೆ. ಕಡ್ಡಿಗಳ ನಡುವಿನ ಎಳೆಗಳು ಹರಿಯುತ್ತವೆ, ಕಡ್ಡಿಗಳು ಬಾಗುತ್ತವೆ. ದಣಿದ ಕೋಶದೊಳಗೆ ಮುಕ್ತ ರ‍್ಯಾಡಿಕಲ್‌ಗಳೆಂಬ ವಿಷಕಾರಿ ಕಣಗಳು ತುಂಬುತ್ತವೆ, ಕೆಲವು ಕೋಶಗಳು ಮುಂದಿನ ದಿನಗಳಲ್ಲಿ ಸಾಯುತ್ತವೆ. ಒಳಸಾಲಿನ ಬುಡದಲ್ಲಿ ಗ್ಲುಟಮೇಟ್ ಮಿತಿಮೀರಿ ಸುರಿದು ನರದ ತುದಿಗಳು ಊದಿಕೊಳ್ಳುತ್ತವೆ. ಕಿವಿ ಕಟ್ಟಿದ ಹಾಗಾಗುವುದು, ಗುಂಯ್‌ಗುಡುವುದು ಇದರ ಹೊರ ಲಕ್ಷಣ. ಹರಿದ ಎಳೆಗಳು ಒಂದೆರಡು ದಿನಗಳಲ್ಲಿ ಮತ್ತೆ ಕಟ್ಟಿಕೊಳ್ಳಬಲ್ಲವು, ಊತ ಇಳಿಯುತ್ತದೆ. ಬೆಳಿಗ್ಗೆ ಸರಿಹೋಯಿತು ಎನಿಸುವುದು ಇದರಿಂದ. ಸತ್ತ ಕೋಶಗಳ ಲೆಕ್ಕ ಮಾತ್ರ ಹಾಗೇ ಉಳಿಯುತ್ತದೆ. ಕೆಲವೇ ಕೋಶಗಳು ಹೋದರೆ ನಮಗೆ ಗೊತ್ತೂ ಆಗುವುದಿಲ್ಲ.

ಇನ್ನೂ ಆತಂಕದ ಸಂಗತಿ 2009ರಲ್ಲಿ ಹೊರಬಂತು. ಬಾಸ್ಟನ್‌ನಲ್ಲಿ ಶ್ಯಾರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಿಗೆ ಎರಡು ಗಂಟೆ 100 ಡೆಸಿಬೆಲ್ ಸದ್ದು ಕೇಳಿಸಿದರು. ಎರಡು ವಾರಗಳೊಳಗೆ ಇಲಿಗಳ ಶ್ರವಣ ಮಟ್ಟ ಮೊದಲಿನಂತಾಯಿತು. ರೋಮಕೋಶಗಳೂ ಇದ್ದವು. ಆದರೆ ಕೋಶಕ್ಕೂ ನರಕ್ಕೂ ನಡುವಿನ ಸಂಧಿಗಳಲ್ಲಿ, ಎತ್ತರದ ಕಂಪನಾಂಕದ ಭಾಗದಲ್ಲಿ, ಹತ್ತಿರಹತ್ತಿರ ಅರ್ಧದಷ್ಟು ಶಾಶ್ವತವಾಗಿ ಕಳಚಿದ್ದವು. ಆ ನರಗಳು ತಿಂಗಳುಗಟ್ಟಲೆ ಕಾಲದಲ್ಲಿ ಮೆಲ್ಲಗೆ ಸತ್ತವು. ಮನುಷ್ಯರಲ್ಲಿ ಒಂದು ರಾತ್ರಿಯ ಗದ್ದಲ ಇಷ್ಟೇ ಹಾನಿ ಮಾಡುತ್ತದೆಯೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಇಲಿಯ ಕಿವಿ ನಮ್ಮದಕ್ಕಿಂತ ಸೂಕ್ಷ್ಮ. ಆದರೆ ಮೃತರ ಒಳಕಿವಿಗಳನ್ನು ಪರೀಕ್ಷಿಸಿದಾಗ, ರೋಮಕೋಶ ಉಳಿದಿದ್ದರೂ ನರದ ಎಳೆಗಳು ವಯಸ್ಸಿನೊಂದಿಗೆ ಕಳಚಿಹೋಗಿರುವುದು ಕಂಡಿದೆ.

ಒಂದು ಕಿವಿಯ ಶ್ರವಣನರದಲ್ಲಿ ಸುಮಾರು 30,000 ಎಳೆಗಳಿವೆ, ಒಳಸಾಲಿನ ಒಂದೊಂದು ಕೋಶಕ್ಕೂ ಹತ್ತಾದರೂ ಎಳೆ. ಕೆಲವು ಮೆಲ್ಲನೆಯ ಸದ್ದಿಗೇ ಎಚ್ಚರವಾಗುತ್ತವೆ, ಕೆಲವು ಜೋರಿನ ಸದ್ದಿಗೆ ಮಾತ್ರ. ಗದ್ದಲದ ನಡುವೆ ಮಾತನ್ನು ಹೆಕ್ಕಲು ಬೇಕಾಗುವುದು ಎರಡನೆಯ ಬಗೆ. ಪ್ರಾಣಿಗಳ ಮೇಲಿನ ಕೆಲವು ಅಧ್ಯಯನಗಳಲ್ಲಿ ಮೊದಲು ಕಳಚಿದ್ದೂ ಅವೇ. ಇನ್ನು ಆಡಿಯೋಮೆಟ್ರಿ ಎಂಬ ಮಾಮೂಲಿ ಶ್ರವಣ ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ: ಸದ್ದಿಲ್ಲದ ಕೋಣೆ, ಹೆಡ್‌ಫೋನ್, ಒಂದೊಂದೇ ಸ್ವರ, ಅತಿ ಮೆಲ್ಲನೆಯದು ಕೇಳಿದೊಡನೆ ಗುಂಡಿ ಒತ್ತಬೇಕು. ಉಳಿದಿರುವ ಸೂಕ್ಷ್ಮ ಎಳೆಗಳಷ್ಟೇ ಇದಕ್ಕೆ ಸಾಕು. ಹಾಳೆಯಲ್ಲಿ "ನಾರ್ಮಲ್" ಎಂದು ಬರುತ್ತದೆ. ಅದೇ ವ್ಯಕ್ತಿ ಮದುವೆ ಛತ್ರದ ಊಟದ ಸಾಲಿನಲ್ಲಿ ಪಕ್ಕದವರು ಹೇಳಿದ್ದಕ್ಕೆ ತಲೆಯಾಡಿಸಿ ನಕ್ಕು ಸುಮ್ಮನಾಗುತ್ತಾನೆ.

ಹೊರಸಾಲು ಇನ್ನಷ್ಟು ಹೋದ ಮೇಲೆ ಈ ಪರೀಕ್ಷೆಯ ನಕ್ಷೆಯಲ್ಲಿ, ಅಂದರೆ ಆಡಿಯೋಗ್ರಾಮ್‌ನಲ್ಲಿ, 4000 ಹರ್ಟ್ಸ್ ಹತ್ತಿರ ಒಂದು ಗುಳಿ ಬೀಳುತ್ತದೆ. ಕಿವಿನಾಳದ ಶ್ರುತಿ 3000 ಎಂದೆವಲ್ಲ; ಜೋರಿನ ಸದ್ದು ಅತಿ ಹೆಚ್ಚು ಹಾನಿ ಮಾಡುವುದು ತನ್ನ ಶ್ರುತಿಗಿಂತ ಅರ್ಧ ಸ್ಥಾಯಿ (ಸುಮಾರು 1.4 ಪಟ್ಟು) ಮೇಲಿನ ಜಾಗಕ್ಕೆ. ಲೆಕ್ಕ 4000ದ ಆಸುಪಾಸಿಗೆ ಬರುತ್ತದೆ. ನೇಯ್ಗೆ ಮಗ್ಗದವರಲ್ಲಿ, ಫೌಂಡ್ರಿಯವರಲ್ಲಿ, ಸ್ಪೀಕರ್ ಪಕ್ಕ ದುಡಿಯುವವರಲ್ಲಿ ಕಾಣುವುದು ಇದೇ ಗುಳಿ.

ಈ ಗುಳಿ ನಮ್ಮ ಮಾತಿಗೆ ಏನು ಮಾಡುತ್ತದೆ? ಹಾಲು, ಕಾಲು, ಸಾಲು, ಪಾಲು ಎಂದು ಹೇಳಿಕೊಳ್ಳಿ. "ಆಲು" ಎಂಬ ಬಾಲ ನಾಲ್ಕರಲ್ಲೂ ಒಂದೇ. ಅದರ ಶಕ್ತಿಯೆಲ್ಲ ತಗ್ಗಿನ ಕಂಪನಾಂಕಗಳಲ್ಲಿದೆ, ಜೋರಾಗಿಯೂ ಇದೆ. ಅರ್ಥ ಬದಲಿಸುವುದು ಮೊದಲ ವ್ಯಂಜನ. ಸ, ಶ, ಚ, ತ ಇವುಗಳ ಗುರುತೆಲ್ಲ 2000 ಹರ್ಟ್ಸ್‌ನಿಂದ ಮೇಲೆ, ಅದೂ ಸ್ವರಗಳಿಗಿಂತ ಬಹಳ ಕ್ಷೀಣವಾಗಿ. ಹಾಗಾಗಿ ಗುಳಿ ಬಿದ್ದವರು ಹೇಳುವುದು "ಕೇಳಿಸ್ತದೆ, ಏನು ಅಂತ ಗೊತ್ತಾಗಲ್ಲ" ಎಂದು. ಈ ಮಾತನ್ನು ಮನೆಯವರು ಅಸಡ್ಡೆ ಎಂದುಕೊಳ್ಳುತ್ತಾರೆ. ಅದು ಒಳಕಿವಿಯ ನಿಖರವಾದ ವರದಿ.

ಇನ್ನೊಂದು ಸಂಗತಿ ಮನೆಮನೆಯಲ್ಲೂ ತಪ್ಪಾಗಿ ಅರ್ಥವಾಗಿದೆ. ಅಜ್ಜ "ಸ್ವಲ್ಪ ಜೋರಾಗಿ ಹೇಳಪ್ಪಾ" ಎನ್ನುತ್ತಾರೆ, ಜೋರಾಗಿ ಹೇಳಿದರೆ "ಯಾಕೋ ಹಾಗೆ ಕಿರುಚ್ತೀಯ" ಎಂದು ಸಿಡುಕುತ್ತಾರೆ. ಅವರು ಎರಡೂ ಸಲ ನಿಜವನ್ನೇ ಹೇಳುತ್ತಿದ್ದಾರೆ. ಹೊರಸಾಲು ಹೋದಾಗ ಮೆಲ್ಲನೆಯ ಸದ್ದಿಗೆ ಸಿಗುತ್ತಿದ್ದ ಹೆಚ್ಚಳ ಇಲ್ಲವಾಯಿತು, ಜೋರಿನ ಸದ್ದು ಮೊದಲಿನಷ್ಟೇ ಜೋರಾಗಿದೆ. ಕೇಳಿಸದ್ದಕ್ಕೂ ಸಹಿಸದ್ದಕ್ಕೂ ನಡುವಿನ ಅಂತರವೇ ಕುಗ್ಗಿದೆ. ಬರೀ ಸದ್ದು ಏರಿಸುವ ಅಗ್ಗದ ಕಿವಿ ಮೆಷಿನ್‌ಗಳು ಪೆಟ್ಟಿಗೆ ಸೇರುವುದು ಇದಕ್ಕೇ. ಕಂಪನಾಂಕವಾರು ಮೆಲ್ಲನೆಯದನ್ನು ಹೆಚ್ಚು, ಜೋರಿನದನ್ನು ಕಡಿಮೆ ಏರಿಸುವಂತೆ ಆಡಿಯಾಲಜಿಸ್ಟ್ (ಶ್ರವಣತಜ್ಞ) ಹೊಂದಿಸಿಕೊಟ್ಟ ಸಾಧನ ಬೇಕು. ಅಜ್ಜನೊಂದಿಗೆ ಮಾತಾಡುವಾಗ ಕೂಗುವುದಕ್ಕಿಂತ ಎದುರು ಕೂತು, ಬೆಳಕಿನಲ್ಲಿ ಬಾಯಿ ಕಾಣುವಂತೆ, ನಿಧಾನವಾಗಿ ಹೇಳಿದರೆ ಕೆಲಸ ಆಗುತ್ತದೆ.

ಈಗ ಕಾನೂನು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಧ್ವನಿವರ್ಧಕದ ಸದ್ದು ಸಾರ್ವಜನಿಕ ಸ್ಥಳದ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75, ಯಾವುದು ಕಡಿಮೆಯೋ ಅದನ್ನು ಮೀರಬಾರದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ವರ್ಷಕ್ಕೆ 15 ದಿನ ಮೀರದಂತೆ ಹಬ್ಬಗಳಿಗೆ ರಾಜ್ಯ ಸರ್ಕಾರ 12 ಗಂಟೆವರೆಗೆ ಸಡಿಲಿಸಬಹುದು. ನಿಯಮ ಒಳ್ಳೆಯದೇ. ಆದರೆ ಇದು ಬರೆದಿರುವುದು ಗೋಡೆಯಾಚೆ ಮಲಗಿದವರ ನೆಮ್ಮದಿಗೆ. ಚಲಿಸುವ ವಾಹನಕ್ಕೆ ಗಡಿ ಯಾವುದು? ಸ್ಪೀಕರ್‌ನಿಂದ ಮೂರು ಮೀಟರ್ ದೂರದಲ್ಲಿ ಕುಣಿಯುವ ಹುಡುಗನ ಕಿವಿಗೆ ಬಿದ್ದ ಒಟ್ಟು ಸದ್ದಿನ ಲೆಕ್ಕ ಇಡುವವರು ಯಾರು? ನಿಯಮದಲ್ಲಿ ಅವನಿಲ್ಲ.

ಆ ಲೆಕ್ಕ ಹೀಗಿದೆ. ದುಡಿಯುವವರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಯೋಶ್ ಸಂಸ್ಥೆಯ ಶಿಫಾರಸಿನಂತೆ ದಿನಕ್ಕೆ 85 ಡೆಸಿಬೆಲ್ 8 ಗಂಟೆ. 3 ಡೆಸಿಬೆಲ್ ಏರಿದಾಗಲೆಲ್ಲ ಶಕ್ತಿ ದುಪ್ಪಟ್ಟು, ಸಮಯ ಅರ್ಧ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಸ್ಪೀಕರ್ ಎದುರಿನ ಸದ್ದನ್ನು 100 ಎಂದೇ ಇಟ್ಟುಕೊಂಡರೂ ನಾಲ್ಕು ಗಂಟೆಯ ಮೆರವಣಿಗೆ ಒಂದೇ ಸಂಜೆಗೆ 16 ದಿನಗಳ ಪಾಲು. ಇದರಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವವರು ಕುಣಿಯುವವರಲ್ಲ. ಡಿಜೆ ಗಾಡಿಯ ಚಾಲಕ, ಕೇಬಲ್ ಎತ್ತುವ ಹುಡುಗರು, ಜನರೇಟರ್ ಪಕ್ಕ ಕೂತವರು, ಬಂದೋಬಸ್ತಿನ ಪೊಲೀಸರು ಊರಿಂದೂರಿಗೆ, ಹಬ್ಬದಿಂದ ಹಬ್ಬಕ್ಕೆ ಅದೇ ಸದ್ದಿನಲ್ಲಿರುತ್ತಾರೆ.

ಅಳತೆಯಲ್ಲೂ ಒಂದು ತೊಡಕಿದೆ. ಮಿತಿಗಳೆಲ್ಲ 'ಎ' ತೂಕದ ಡೆಸಿಬೆಲ್‌ನಲ್ಲಿವೆ; ಈ ತೂಕ 63 ಹರ್ಟ್ಸ್‌ನ ಸದ್ದನ್ನು 26 ಡೆಸಿಬೆಲ್ ಕಡಿಮೆ ಎಣಿಸುತ್ತದೆ. ಎದೆ ನಡುಗಿಸುವ ಬೇಸ್ 116 ಇದ್ದರೂ ಮೀಟರ್ 90 ತೋರಿಸುತ್ತದೆ. ಕಿಟಕಿ ಗಾಜು ಅದುರುತ್ತಿರುವಾಗ ಮೀಟರ್ ಕಡಿಮೆ ತೋರಿಸಿದರೆ ಉಪಕರಣ ಕೆಟ್ಟಿದೆ ಎಂದರ್ಥವಲ್ಲ. ಬೇಸ್ ಸದ್ದನ್ನು ಅಷ್ಟು ಕಡಿತ ಮಾಡದ 'ಸಿ' ತೂಕದಲ್ಲೂ ಅಳೆದು ಬರೆಯಲು ಹೇಳಬೇಕು.

ಪಟಾಕಿಯ ನಿಯಮ ಇನ್ನೂ ಸಡಿಲ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 145 ಡೆಸಿಬೆಲ್ ಗರಿಷ್ಠ ಪೆಟ್ಟಿಗೆ ಅನುಮತಿ ಇದೆ. ದುಡಿಯುವ ಜಾಗಗಳಲ್ಲಿ ವಯಸ್ಕರಿಗೆ ಮೀರಬಾರದೆಂದು ಸಾಮಾನ್ಯವಾಗಿ ಒಪ್ಪಿದ ಮಟ್ಟವೇ 140. ದೂರ ಅರ್ಧವಾದರೆ 6 ಡೆಸಿಬೆಲ್ ಏರುತ್ತದೆ, ಅಂದರೆ ಒಂದು ಮೀಟರ್‌ನಲ್ಲಿ 157. ಹಚ್ಚುವ ಮಗುವಿನ ತೋಳಿನ ಉದ್ದ ಅದಕ್ಕಿಂತ ಕಡಿಮೆ. ಇಂಥ ಪೆಟ್ಟು ರೋಮಕೋಶಗಳನ್ನು ಪೊರೆಯಿಂದಲೇ ಕಿತ್ತುಹಾಕಬಲ್ಲದು, ತಮಟೆಯನ್ನೂ ಹರಿಯಬಲ್ಲದು.

ಪ್ರಮಾಣಪತ್ರದ ವಿಚಾರಕ್ಕೆ ಬಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದ ಶ್ರವಣ ಎನ್ನಿಸಿಕೊಳ್ಳಲು ಎರಡೂ ಕಿವಿಗಳಲ್ಲಿ, ಮಾತಿನ ಕಂಪನಾಂಕಗಳಲ್ಲಿ 60 ಡೆಸಿಬೆಲ್ ನಷ್ಟ ಆಗಿರಬೇಕು. 4000ದಲ್ಲಿ ಆಳದ ಗುಳಿ ಬಿದ್ದು 500, 1000, 2000ದಲ್ಲಿ ಚೆನ್ನಾಗಿರುವ ಮೂವತ್ತರ ಹರೆಯದವನು ಸರಾಸರಿ ತೆಗೆದರೆ ಆರೋಗ್ಯವಂತ. ಅವನ ತೊಂದರೆಗೆ ಸರ್ಕಾರದ ಕಡತದಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ್ದಕ್ಕೆ ಲೆಕ್ಕವೂ ಇಲ್ಲ.

ಹಾಗಾದರೆ ಮಾಡಬಹುದಾದ್ದೇನು? ದೂರ ಹೋಗುವುದು ಎಲ್ಲಕ್ಕಿಂತ ಸುಲಭ. ಒಂಟಿ ಸ್ಪೀಕರ್‌ನಿಂದ ದೂರ ದುಪ್ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. ಅಟ್ಟಿಯಾಗಿ ಪೇರಿಸಿದ ಸ್ಪೀಕರ್‌ಗಳು ಕಿರಿದಾದ ಬೀದಿಯಲ್ಲಿದ್ದರೆ ಇಳಿಕೆ ಅದಕ್ಕಿಂತ ಕಡಿಮೆ. ಹತ್ತಿರವೇ ಇರಬೇಕಾದವರಿಗೆ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಸಾಕು, ಸರಿಯಾಗಿ ಹಾಕಿಕೊಂಡರೆ. ದೀಪದ ಬತ್ತಿ ಹೊಸೆದ ಹಾಗೆ ಅದನ್ನು ಸುಕ್ಕಿಲ್ಲದಂತೆ ಸಣ್ಣಗೆ ಹೊಸೆಯಿರಿ. ಎದುರು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಬಾಗಿದ ನಾಳ ನೇರವಾಗುತ್ತದೆ. ಒಳಗೆ ತೂರಿಸಿ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಿ, ಅದು ಉಬ್ಬಿ ಕೂರಲಿ. ನಿಮ್ಮದೇ ಮಾತು ಕೊಡದೊಳಗಿಂದ ಬಂದಂತೆ ಕೇಳಿಸಿದರೆ ಸರಿಯಾಗಿ ಕೂತಿದೆ. ಪೊಟ್ಟಣದ ಮೇಲೆ 30 ಡೆಸಿಬೆಲ್ ಎಂದಿದ್ದರೆ ಬಳಕೆಯಲ್ಲಿ 15 ಎಣಿಸಿ. ಅಷ್ಟಾದರೂ 100 ಇದ್ದದ್ದು 85 ಆಯಿತು, 15 ನಿಮಿಷದ ಅವಕಾಶ 8 ಗಂಟೆಯಾಯಿತು. ಹತ್ತಿ ತುರುಕಿಕೊಂಡರೆ ತಡೆಯುವುದು ಅಷ್ಟಕ್ಕಷ್ಟೇ. ಚಿಕ್ಕ ಮಕ್ಕಳಿಗೆ ಪ್ಲಗ್ ಬೇಡ, ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ.

ಪಟಾಕಿ ಸಿಡಿದು ಕಿವಿ ನೋವಾಗಿ ಕೇಳಿಸುವುದು ತಗ್ಗಿದರೆ ಬೆಚ್ಚಗಿನ ಎಣ್ಣೆ ಬಿಡಬೇಡಿ, ನೀರು ಹೋಗದಂತೆ ನೋಡಿಕೊಂಡು ಇಎನ್‌ಟಿ ವೈದ್ಯರಿಗೆ ತೋರಿಸಿ. ಸಣ್ಣ ಹರಕಾದರೆ ತಮಟೆ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ, ಎಣ್ಣೆಯಿಂದ ಸೋಂಕು ಸೇರಿದರೆ ಅದೂ ಕೆಡುತ್ತದೆ. ಸದ್ದಿಗೆ ಸಿಕ್ಕ ಕಿವಿಯ ಮಂದ ಅಥವಾ ಗುಂಯ್‌ಗುಡುವಿಕೆ ಎರಡನೇ ದಿನಕ್ಕೂ ಉಳಿದರೆ, ಅಥವಾ ಯಾವ ಕಾರಣವೂ ಇಲ್ಲದೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಕಾಯಬೇಡಿ. ಇದ್ದಕ್ಕಿದ್ದಂತೆ ಕೇಳಿಸದಾಗುವುದಕ್ಕೆ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರಗಳಲ್ಲಿ ಹೆಚ್ಚು ಫಲ ಕೊಡುತ್ತದೆ. "ಗುಗ್ಗೆ ಕಟ್ಟಿರಬೇಕು" ಎಂದುಕೊಂಡು ತಿಂಗಳು ಕಳೆದವರು ಆ ಅವಕಾಶ ಕಳೆದುಕೊಳ್ಳುತ್ತಾರೆ.

ಸದ್ದಿನ ಕೆಲಸದಲ್ಲಿರುವವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ (ಊರಿನವರು ಆಯಿಷ್ ಎನ್ನುತ್ತಾರೆ), ನಿಮ್ಮ ಹತ್ತಿರದ ಆಡಿಯಾಲಜಿಸ್ಟ್ ಬಳಿಯಾಗಲಿ ಹೋಗುವ ಮುನ್ನ ಕನಿಷ್ಠ 14 ಗಂಟೆ ಗದ್ದಲದಿಂದ ದೂರವಿರಿ. ಇಲ್ಲದಿದ್ದರೆ ತಾತ್ಕಾಲಿಕ ಮಂದವೂ ಹಾಳೆಯಲ್ಲಿ ಸೇರುತ್ತದೆ. ಮಾಮೂಲಿ ಪರೀಕ್ಷೆಯಲ್ಲಿ 3000 ಮತ್ತು 6000 ಹರ್ಟ್ಸ್ ಬಿಟ್ಟುಹೋಗುವುದುಂಟು, ಅವೆರಡನ್ನೂ ನೋಡಿ ಎಂದು ಬಾಯಿಬಿಟ್ಟು ಕೇಳಿ. ಸಾಧ್ಯವಾದರೆ ಓಎಇಯನ್ನೂ, ಗದ್ದಲದ ನಡುವೆ ಮಾತು ಗುರುತಿಸುವ ಪರೀಕ್ಷೆಯನ್ನೂ ಮಾಡಿಸಿ. ಹಾಳೆಯಲ್ಲಿ "ನಾರ್ಮಲ್" ಎಂದಿದ್ದರೂ ಎಸೆಯದೆ ಇಟ್ಟುಕೊಳ್ಳಿ. ಮುಂದಿನ ವರ್ಷದ ಹಾಳೆಯನ್ನು ಅದರ ಪಕ್ಕ ಇಟ್ಟಾಗಲೇ 4000ದ ಬಳಿ ಗೆರೆ ಕೆಳಕ್ಕೆ ಬಾಗತೊಡಗಿದೆಯೇ ಎಂಬುದು ಕಾಣುವುದು.